ಲೈಸೆನ್ಸ್ ಸಾಕು, ಬಾಲ ನೋಡಿಕೊಳ್ಳಿ

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಜೂನ್‌ನಲ್ಲಿ ಹಾಸನದಿಂದ ಅತ್ತೆ, ಮಾವ, ಭಾವಮೈದ ಬರುತ್ತಿದ್ದಾರೆ. 30 ಅಡಿಯ ಆರ್‌ವಿ, ಅಂದರೆ ಒಳಗೆ ಮಂಚ, ಅಡುಗೆಮನೆ ಇರುವ ಮೋಟರ್‌ಹೋಮ್, ಬಾಡಿಗೆಗೆ ಹಿಡಿದು ಎಲ್ಲರೂ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿಬರುವ ಆಸೆ. ನನ್ನ ಹತ್ತಿರ ಇಲ್ಲಿನ ಮಾಮೂಲಿ ಕಾರ್ ಲೈಸೆನ್ಸ್ ಇದೆ. ಅದು ಸಾಕೇ? ಭಾವಮೈದನಿಗೆ ಕರ್ನಾಟಕದ ಲೈಸೆನ್ಸ್ ಇದೆ, ಅವನೂ ಸ್ವಲ್ಪ ಹೊತ್ತು ಓಡಿಸಬಹುದೇ? ಮಾವನಿಗೆ ಬೆನ್ನುನೋವು, ಗಾಡಿ ಓಡುವಾಗ ಹಿಂದಿನ ಮಂಚದ ಮೇಲೆ ಮಲಗಬಹುದೇ? ನಾಲ್ಕು ವರ್ಷದ ಮಗಳೂ ಇದ್ದಾಳೆ. ಇನ್ನೊಂದು ವಿಷಯ: ಆಫೀಸಿನ ಗೆಳೆಯರೊಬ್ಬರು ತಮ್ಮ 42 ಅಡಿಯ ಹಳೇ ಮೋಟರ್‌ಹೋಮ್ ಮಾರುತ್ತಿದ್ದಾರೆ. ಅದಕ್ಕೂ ಇದೇ ಲೈಸೆನ್ಸ್ ನಡೆಯುತ್ತದೆಯೇ?

ಉತ್ತರ: ಲೈಸೆನ್ಸಿನ ಮಾತು ಮೊದಲು ಮುಗಿಸಿಬಿಡೋಣ. ಇದ್ದುದರಲ್ಲಿ ಅದೇ ಸುಲಭದ್ದು.

ನಿಮ್ಮ ಕಾರ್ ಲೈಸೆನ್ಸ್ ಸಾಕು. ಕ್ಯಾಲಿಫೋರ್ನಿಯಾದಲ್ಲಿ ಕಾರಿಗೆ ಕೊಡುವುದು ಕ್ಲಾಸ್ ಸಿ ಲೈಸೆನ್ಸ್. ಸ್ವಂತ ಓಡಾಟಕ್ಕಾದರೆ 40 ಅಡಿವರೆಗಿನ ಮೋಟರ್‌ಹೋಮನ್ನು ಅದರಲ್ಲೇ ಓಡಿಸಬಹುದು. ದಾರಿಯಲ್ಲಿ ಸಿಗುವ ನೆವಾಡ, ಯೂಟಾ, ಐಡಹೋ, ಮೊಂಟಾನ, ವಯೋಮಿಂಗ್ ರಾಜ್ಯಗಳಲ್ಲೂ ನಿಮ್ಮ ರಾಜ್ಯ ಕೊಟ್ಟ ಲೈಸೆನ್ಸೇ ನಡೆಯುತ್ತದೆ.

ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ಬಾಡಿಗೆಗೆ ಕೊಡುವವರು ನಿಮಗೆ ತೋರಿಸುವ ಗಾಡಿಯನ್ನೂ 'ಕ್ಲಾಸ್ ಸಿ' ಅಂತಲೇ ಕರೆಯುತ್ತಾರೆ. ಆ ಸಿ ಬೇರೆ, ಲೈಸೆನ್ಸಿನ ಸಿ ಬೇರೆ. ಆರ್‌ವಿಗಳಲ್ಲಿ ಎ ಅಂದರೆ ಬಸ್ಸಿನಂತೆ ಚಪ್ಪಟೆ ಮುಖದ್ದು. ಬಿ ಅಂದರೆ ವ್ಯಾನಿನೊಳಗೇ ಮನೆ ಮಾಡಿದ್ದು. ಸಿ ಅಂದರೆ ಮುಂದೆ ವ್ಯಾನಿನ ಮೂತಿ, ಹಿಂದೆ ಪೆಟ್ಟಿಗೆ, ಡ್ರೈವರ್ ತಲೆಯ ಮೇಲೆ ಅಟ್ಟದ ಹಾಗೆ ಒಂದು ಮಂಚ. ಅಕ್ಷರ ಒಂದೇ ಆಗಿದ್ದು ಕಾಕತಾಳೀಯ, ಅಷ್ಟೆ.

ಲಾರಿ, ಬಸ್ಸು ಓಡಿಸುವವರಿಗೆ ಬೇಕಾದ ಕಮರ್ಷಿಯಲ್ ಲೈಸೆನ್ಸ್ ಇಲ್ಲಿ 26,001 ಪೌಂಡಿನಿಂದ, ಅಂದರೆ ಸುಮಾರು 11.8 ಟನ್ನಿನಿಂದ ಶುರುವಾಗುತ್ತದೆ. ಮನೆಮಂದಿ ಸುತ್ತಾಡುವ ಆರ್‌ವಿಗೆ ಅದರಿಂದ ವಿನಾಯಿತಿ ಇದೆ. ಆದರೆ ದೊಡ್ಡ ಆರ್‌ವಿಗೆ ಕೆಲವು ರಾಜ್ಯಗಳು ತಮ್ಮದೇ ಬೇರೆ ಲೈಸೆನ್ಸ್ ಇಟ್ಟಿವೆ. ಟೆಕ್ಸಸ್‌ನಲ್ಲಿ 26,000 ಪೌಂಡ್ ದಾಟಿದರೆ ಕಮರ್ಷಿಯಲ್ ಅಲ್ಲದ ಕ್ಲಾಸ್ ಬಿ ಬೇಕು. ಪೆನ್ಸಿಲ್ವೇನಿಯಾದಲ್ಲೂ ಹಾಗೇ. ನ್ಯೂಯಾರ್ಕ್‌ನಲ್ಲಿ ಇರುವ ಲೈಸೆನ್ಸಿಗೇ 'ಆರ್' ಅಂತ ಒಂದು ಅನುಮತಿ ಸೇರಿಸುತ್ತಾರೆ. ಅವರು ತೂಕ ನೋಡುತ್ತಾರೆ, ಕ್ಯಾಲಿಫೋರ್ನಿಯಾದವರು ಮೋಟರ್‌ಹೋಮಿನ ಉದ್ದ ನೋಡುತ್ತಾರೆ. ಡ್ಯಾಲಸ್‌ನಲ್ಲಿರುವ ನೆಂಟರು "ನಮ್ಮಲ್ಲಿ ಹೀಗೆ" ಅಂದರೆ ಅದು ಅವರ ಊರಿಗೆ ಸರಿ, ನಿಮಗಲ್ಲ.

ನಿಮ್ಮ 30 ಅಡಿಯ ಗಾಡಿ ಹೆಚ್ಚಾಗಿ ಫೋರ್ಡ್ ಇ-450 ಚಾಸಿಸ್ ಮೇಲೆ ಕಟ್ಟಿದ್ದಿರುತ್ತದೆ. ಪೂರ್ತಿ ತುಂಬಿದಾಗ ಅದರ ಮಿತಿ 14,500 ಪೌಂಡ್, ಹತ್ತಿರ ಹತ್ತಿರ ಆರೂವರೆ ಟನ್. ಕ್ಯಾಮ್ರಿ ಕಾರಿನ ನಾಲ್ಕು ಪಟ್ಟು. ಬೆಂಗಳೂರಿನ ಮಿಡಿ ಬಸ್ಸು ನೆನಪಿಸಿಕೊಳ್ಳಿ, ಹೆಚ್ಚುಕಮ್ಮಿ ಅಷ್ಟು ಉದ್ದ. ಇದನ್ನು ಕಾರು ಬಿಟ್ಟರೆ ಬೇರೇನೂ ಓಡಿಸದವರ ಕೈಗೆ ಅರ್ಧ ಗಂಟೆ ವಿಡಿಯೊ ತೋರಿಸಿ, ಕೀಲಿ ಕೊಟ್ಟು ಕಳಿಸುತ್ತಾರೆ. ನನ್ನನ್ನು ಕೇಳಿದರೆ ಭಯ ಇರುವುದು ಇಲ್ಲೇ. ಪರೀಕ್ಷೆ ಯಾರೂ ಮಾಡುವುದಿಲ್ಲ. ಹಾಗಾಗಿ ನೀವೇ ಮಾಡಿಕೊಳ್ಳಬೇಕು.

ಗಾಡಿ ಕೈಗೆ ಬಂದ ತಕ್ಷಣ ಫ್ರೀವೇ ಹತ್ತಬೇಡಿ. ಖಾಲಿ ಪಾರ್ಕಿಂಗ್ ಜಾಗ ಹುಡುಕಿ, ಒಂದೆರಡು ಗಂಟೆ ಅಲ್ಲೇ ಕಳೆಯಿರಿ. ನಾನು ಹೊಸಬರಿಗೆ ಕಲಿಸುವಾಗ ಮೊದಲು ಮಾಡಿಸುವುದು ಒಂದೇ ಕೆಲಸ. ಗಾಡಿ ನಿಲ್ಲಿಸಿ, ಹಿಂದಿನ ಬಂಪರಿನ ಮೂಲೆಯಿಂದ ಪಕ್ಕಕ್ಕೆ ಎರಡಡಿ ದೂರದಲ್ಲಿ ಒಂದು ನೀರಿನ ಬಾಟಲಿ ಇಡುತ್ತೇನೆ. "ಈಗ ಸ್ಟೀರಿಂಗನ್ನು ಬಾಟಲಿ ಇಲ್ಲದ ಕಡೆಗೆ ಪೂರ್ತಿ ತಿರುಗಿಸಿ ನಿಧಾನವಾಗಿ ಹೊರಡಿ" ಅನ್ನುತ್ತೇನೆ. ಗಾಡಿಯ ಮೂತಿ ಬಾಟಲಿಯಿಂದ ದೂರ ಹೋಗುತ್ತದೆ, ಬಾಲ ಬಾಟಲಿಯ ಕಡೆಗೇ ಬರುತ್ತದೆ. ಬಾಟಲಿ ಉರುಳುವುದನ್ನು ಕನ್ನಡಿಯಲ್ಲಿ ನೋಡಿದವರ ಮುಖ ನೋಡಬೇಕು!

ಕಾರಿನಲ್ಲಿ ಹಿಂದಿನ ಚಕ್ರ ಆದಮೇಲೆ ಮೂರು-ನಾಲ್ಕು ಅಡಿ ಇದ್ದರೆ ಹೆಚ್ಚು. ಇದರಲ್ಲಿ ಒಂಬತ್ತು-ಹತ್ತು ಅಡಿ ಇರುತ್ತದೆ. ಆ ಭಾಗ ತಿರುವಿನ ಎದುರು ದಿಕ್ಕಿಗೆ ಬೀಸುತ್ತದೆ. ಸುಮಾರು ಲೆಕ್ಕ ಬೇಕಿದ್ದರೆ, ಹಿಂದಿನ ಚಕ್ರದಿಂದಾಚೆ ಚಾಚಿದ ಪ್ರತಿ ಮೂರಡಿಗೆ ಒಂದಡಿ ಬೀಸು ಅಂತ ಇಟ್ಟುಕೊಳ್ಳಿ. ಅಂದರೆ ನಿಮ್ಮದು ಹತ್ತಿರ ಹತ್ತಿರ ಮೂರಡಿ.

ಇದು ನನಗೆ ಗೊತ್ತಾದದ್ದು ಪಾಠದಿಂದಲ್ಲ, ದುಡ್ಡು ಕೊಟ್ಟು. ಮೊದಲ ಸಲ ಆರ್‌ವಿ ತಂದಾಗ ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ ಪಂಪಿಗೆ ಒತ್ತಿಕೊಂಡು ನಿಲ್ಲಿಸಿದ್ದೆ. ಕಾರಿಗೆ ಮಾಡುವ ಅಭ್ಯಾಸ. ತುಂಬಿಸಿಕೊಂಡು, ಪಂಪಿನಿಂದ ದೂರ ಸರಿಯೋಣ ಅಂತ ಹೊರಟಾಗಲೇ ಸ್ಟೀರಿಂಗ್ ತಿರುಗಿಸಿದೆ. 'ಕರ್ರ್' ಅಂತ ಸದ್ದು. ಪಂಪಿನ ಕಾವಲಿಗೆ ನೆಟ್ಟ ಹಳದಿ ಕಂಬ ಹಿಂದಿನ ಸ್ಟೋರೇಜ್ ಬಾಗಿಲನ್ನು ಟಿನ್ನಿನ ಮುಚ್ಚಳ ತೆಗೆದ ಹಾಗೆ ತೆಗೆದುಬಿಟ್ಟಿತ್ತು. ಒಳಗಿದ್ದ ಮಡಚುವ ಕುರ್ಚಿಗಳು ನೆಲದ ಮೇಲೆ. ಹೆಂಡತಿ ಒಂದು ಮಾತೂ ಆಡಲಿಲ್ಲ, ಅದೇ ಜಾಸ್ತಿ ಕಷ್ಟವಾಯಿತು. ಅವತ್ತಿನಿಂದ ನನ್ನ ರೂಢಿ ಇಷ್ಟೇ: ಪಂಪಿನಿಂದ ನಾಲ್ಕಡಿ ಬಿಟ್ಟು ನಿಲ್ಲಿಸು, ಗಾಡಿಯ ಬಾಲ ಕಂಬ ದಾಟುವವರೆಗೂ ನೇರ ಹೋಗು, ಆಮೇಲೆ ತಿರುಗಿಸು.

ಬಾಲ ಆಯಿತು. ಇನ್ನು ತಲೆ. ಇಂಥ ಗಾಡಿ ಸುಮಾರು 12 ಅಡಿ ಎತ್ತರ ಇರುತ್ತದೆ. ಮೇಲಿನ ಏಸಿ ಪೆಟ್ಟಿಗೆ ಸೇರಿಸಿ ಎಷ್ಟು ಅಂತ ಬಾಡಿಗೆಯವರನ್ನು ಕೇಳಿ, ಅಡಿ-ಇಂಚು ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ. ಪಕ್ಕದಲ್ಲೇ ಉದ್ದ, ತೂಕ ಬರೆಯಿರಿ. ನೆನಪಿದೆ ಬಿಡಿ ಅಂತ ಸುಮ್ನೆ ಇರಬೇಡಿ. ಸೇತುವೆ ಎದುರಿಗೆ ಬಂದಾಗ ಯಾವುದೂ ನೆನಪಾಗುವುದಿಲ್ಲ.

ನಾರ್ತ್ ಕ್ಯಾರೊಲಿನಾದ ಡರಮ್ ಊರಿನಲ್ಲಿ ಒಂದು ರೈಲ್ವೆ ಸೇತುವೆ ಇದೆ. ಅದರ ಕೆಳಗೆ ಇದ್ದ ಎತ್ತರ 11 ಅಡಿ 8 ಇಂಚು. ಎಚ್ಚರಿಕೆಯ ಫಲಕ, ಮಿನುಗುವ ದೀಪ ಎಲ್ಲ ಹಾಕಿದ್ದರೂ ಬಾಡಿಗೆ ಲಾರಿಗಳು, ಆರ್‌ವಿಗಳು ಬಂದು ಬಂದು ತಲೆ ಕೆತ್ತಿಸಿಕೊಂಡು ಹೋಗುತ್ತಿದ್ದವು. ಡಬ್ಬಿ ತೆರೆಯುವ ಸೇತುವೆ ಅಂತಲೇ ಅದಕ್ಕೆ ಹೆಸರು. 2019ರಲ್ಲಿ ಎಂಟು ಇಂಚು ಎತ್ತರಿಸಿದರು. ಆಮೇಲೂ ಗಾಡಿಗಳು ತಾಗಿಸಿಕೊಳ್ಳುತ್ತಲೇ ಇವೆ. ನಿಮ್ಮ ದಾರಿಯ ಇಂಟರ್‌ಸ್ಟೇಟ್ ಹೆದ್ದಾರಿಗಳಲ್ಲಿ ಎತ್ತರದ ತೊಂದರೆ ಬರುವುದಿಲ್ಲ, ದೊಡ್ಡ ಲಾರಿಗಳೇ ಓಡುತ್ತವೆ. ತೊಂದರೆ ಇರುವುದು ಎಕ್ಸಿಟ್ ತೆಗೆದುಕೊಂಡ ಮೇಲೆ: ತಿಂಡಿ ಅಂಗಡಿಯ ಡ್ರೈವ್-ಥ್ರೂ, ಮೋಟೆಲ್ಲಿನ ಬಾಗಿಲ ಚಪ್ಪರ, ಕ್ಯಾಂಪ್ ಜಾಗದಲ್ಲಿ ಬಗ್ಗಿದ ಮರದ ಕೊಂಬೆ. ಕಾಫಿ ಬೇಕಾದರೆ ದೂರ ನಿಲ್ಲಿಸಿ ನಡೆದುಹೋಗಿ.

ಕೆಲವು ರಸ್ತೆಗಳಲ್ಲಿ ದೊಡ್ಡ ಗಾಡಿಗೆ ಪ್ರವೇಶವೇ ಇಲ್ಲ. ಮೊಂಟಾನದ ಗ್ಲೇಸಿಯರ್ ಪಾರ್ಕ್ ಹತ್ತಿರವೇ ಇದೆಯಲ್ಲ ಅಂತ ಆಸೆಯಾಗಬಹುದು. ಅಲ್ಲಿನ ಹೆಸರಾಂತ ಗೋಯಿಂಗ್-ಟು-ದ-ಸನ್ ರಸ್ತೆಯ ಬೆಟ್ಟದ ಭಾಗಕ್ಕೆ 21 ಅಡಿಗಿಂತ ಉದ್ದದ, 8 ಅಡಿಗಿಂತ ಅಗಲದ ಗಾಡಿ ಬಿಡುವುದಿಲ್ಲ. ವಾಪಸ್ ಬರುವಾಗ ಯೂಟಾದ ಜಯಾನ್ ನೋಡೋಣ ಅಂದುಕೊಂಡರೆ ಅಲ್ಲೂ ಅದೇ ಕಥೆ. 1930ರಲ್ಲಿ ತೆರೆದ ಮೌಂಟ್ ಕಾರ್ಮೆಲ್ ಸುರಂಗ ಆ ಕಾಲದ ಕಾರುಗಳ ಅಳತೆಯದ್ದು. 11 ಅಡಿ 4 ಇಂಚಿಗಿಂತ ಎತ್ತರದ ಗಾಡಿ ಬಂದರೆ ಎದುರು ಸಂಚಾರ ನಿಲ್ಲಿಸಿ, ಫೀಸು ತೆಗೆದುಕೊಂಡು ನಡುವಿನಲ್ಲಿ ಬಿಡುತ್ತಿದ್ದರು. 2026ರ ಮಧ್ಯದಿಂದ ದೊಡ್ಡ ಗಾಡಿಗಳನ್ನು ಆ ರಸ್ತೆಗೇ ಬಿಡುವುದಿಲ್ಲ ಅಂತ ಪಾರ್ಕಿನವರು ಹೇಳಿದ್ದಾರೆ. ಫೋನಿನ ಮಾಮೂಲಿ ಮ್ಯಾಪು ನಿಮ್ಮನ್ನು ಕಾರು ಅಂದುಕೊಂಡೇ ದಾರಿ ತೋರಿಸುತ್ತದೆ. ಗಾಡಿಯ ಎತ್ತರ, ಉದ್ದ ಹಾಕಿದರೆ ಅದಕ್ಕೆ ತಕ್ಕ ದಾರಿ ಕೊಡುವ ಆರ್‌ವಿ ಜಿಪಿಎಸ್‌ಗಳಿವೆ, ಒಂದನ್ನು ತೆಗೆದುಕೊಳ್ಳಿ.

ಮ್ಯಾಪಿನ ಮಾತು ಬಂತು, ಟೀಟನ್ ಪಾಸ್ ಬಗ್ಗೆ ಹೇಳಲೇಬೇಕು. ಯೆಲ್ಲೋಸ್ಟೋನ್ ನೋಡಿ, ಗ್ರ್ಯಾಂಡ್ ಟೀಟನ್ ನೋಡಿ, ಜಾಕ್ಸನ್ ಊರಿಗೆ ಇಳಿದ ಮೇಲೆ ಐಡಹೋಗೆ ಹತ್ತಿರದ ದಾರಿ ಅಂತ ಮ್ಯಾಪು ಆ ಘಾಟಿ ತೋರಿಸುತ್ತದೆ. ಇಳಿಜಾರು ಶೇ. 10. ನೂರಡಿ ಮುಂದೆ ಹೋದರೆ ಹತ್ತಡಿ ಕೆಳಗೆ, ಅದೂ ಮೈಲಿಗಟ್ಟಲೆ. ನೀವು ಹೋಗಬೇಡಿ. ಜಾಕ್ಸನ್‌ನಿಂದ ದಕ್ಷಿಣಕ್ಕೆ ಹೋಬ್ಯಾಕ್ ಜಂಕ್ಷನ್, ಅಲ್ಲಿಂದ ಸ್ನೇಕ್ ನದಿಯ ಪಕ್ಕದಲ್ಲೇ ಆಲ್ಪೈನ್, ಆಮೇಲೆ ಸ್ವಾನ್ ವ್ಯಾಲಿ ಹಿಡಿದು ಐಡಹೋ ಫಾಲ್ಸ್ ಸೇರಿ. ಸುತ್ತು ನಿಜ, ಆದರೆ ನದಿ ನೋಡುತ್ತಾ ನೆಮ್ಮದಿಯಾಗಿ ಹೋಗುತ್ತೀರಿ.

ಘಾಟಿ ಪೂರ್ತಿ ತಪ್ಪಿಸಲು ಆಗುವುದಿಲ್ಲ. ಮನೆಗೆ ಬರುವಾಗ ಐ-80 ಹೆದ್ದಾರಿಯಲ್ಲಿ 7,200 ಅಡಿ ಎತ್ತರದ ಡಾನರ್ ಘಾಟಿ ದಾಟಿ ಸ್ಯಾಕ್ರಮೆಂಟೊ ಬಯಲಿಗೆ ಇಳಿಯಬೇಕು, ಉದ್ದ ಇಳಿಜಾರು. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತಿದ್ದರೆ ನಿಮಗೆ ಇದು ಗೊತ್ತು. ಡ್ರೈವರ್ ಇಳಿಯುವಾಗಲೂ ಸಣ್ಣ ಗೇರಿನಲ್ಲೇ ಇರುತ್ತಾನೆ, ಇಂಜಿನ್ ಹೂಂಗುಟ್ಟುತ್ತಲೇ ಇರುತ್ತದೆ, ಬ್ರೇಕಿನ ಮೇಲೆ ಕಾಲು ಅಪರೂಪ. "ಹತ್ತಿದ ಗೇರಿನಲ್ಲೇ ಇಳಿ" ಅನ್ನುವುದು ಅವರ ಲೆಕ್ಕ. ಇಲ್ಲೂ ಅದೇ. ಆಟೋಮ್ಯಾಟಿಕ್ ಗಾಡಿಯಾದರೂ ಗೇರ್ ಕಡ್ಡಿಯ ಹತ್ತಿರ ಟೋ-ಹಾಲ್ ಅನ್ನುವ ಒಂದು ಗುಂಡಿ ಇರುತ್ತದೆ. ಇಳಿಜಾರು ಶುರುವಾಗುವ ಮುಂಚೆಯೇ ಒತ್ತಿ. ಗಾಡಿ ತಾನೇ ಸಣ್ಣ ಗೇರಿಗೆ ಬಂದು ವೇಗ ಏರದಂತೆ ತಡೆಯುತ್ತದೆ. ಇಂಜಿನ್ ಜೋರಾಗಿ ಕೂಗಿದರೆ ಹೆದರಬೇಡಿ, ಅದು ಕೆಲಸ ಮಾಡುತ್ತಿದೆ ಅಂತ ಅರ್ಥ. ಬ್ರೇಕನ್ನು ಒಂದೇ ಸಮನೆ ಒತ್ತಿಹಿಡಿದರೆ ಕಾದು, ಸುಟ್ಟ ವಾಸನೆ ಬಂದು, ಕೊನೆಗೆ ಹಿಡಿಯುವುದೇ ಇಲ್ಲ. ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ, ಬೇಕಾದಾಗ ಮತ್ತೆ ಒತ್ತಿ. ರಸ್ತೆ ಪಕ್ಕದಲ್ಲಿ ಜಲ್ಲಿ ತುಂಬಿದ ಏರು ದಾರಿ ಕಂಡರೆ ಅದು ಬ್ರೇಕ್ ಹೋದ ಗಾಡಿಗಳಿಗೆ. ಅಗತ್ಯ ಬಿದ್ದರೆ ನಾಚಿಕೆ ಬೇಡ, ನುಗ್ಗಿಸಿ.

ವೇಗದ ವಿಷಯ. ನೆವಾಡ, ಯೂಟಾ, ಐಡಹೋಗಳಲ್ಲಿ ಕೆಲವು ಕಡೆ ಮಿತಿ 80 ಮೈಲಿ. ಅದು ಬೇರೆಯವರಿಗೆ. ನೀವು 60ರ ಆಸುಪಾಸಿನಲ್ಲಿರಿ, 65 ದಾಟಬೇಡಿ, ಬಲಗಡೆ ಲೇನ್ ಬಿಡಬೇಡಿ. 65ರಲ್ಲಿ ಗಾಡಿ ಒಂದು ಸೆಕೆಂಡಿಗೆ 95 ಅಡಿ ಹೋಗುತ್ತದೆ. ಮುಂದಿನ ಕೆಂಪು ದೀಪ ಕಂಡು ಕಾಲು ಬ್ರೇಕಿಗೆ ಹೋಗುವ ಹೊತ್ತಿಗೇ ನೂರು, ನೂರೈವತ್ತು ಅಡಿ ಮುಗಿದಿರುತ್ತದೆ. ಆಮೇಲೆ ಆರೂವರೆ ಟನ್ ನಿಲ್ಲಬೇಕು. 65 ಬದಲು 55ರಲ್ಲಿದ್ದರೆ ಬ್ರೇಕು ನುಂಗಬೇಕಾದ ಶಕ್ತಿ ಕಾಲು ಭಾಗಕ್ಕಿಂತ ಜಾಸ್ತಿ ಕಡಿಮೆಯಾಗುತ್ತದೆ. ಮುಂದಿನ ಗಾಡಿಗೂ ನಿಮಗೂ ಐದಾರು ಸೆಕೆಂಡ್ ಅಂತರ ಇರಲಿ. ಆ ಜಾಗಕ್ಕೆ ಯಾರೋ ಕಾರು ತೂರಿಸುತ್ತಾರೆ, ತೂರಿಸಲಿ. ಎರಡೇ ಲೇನಿನ ರಸ್ತೆಯಲ್ಲಿ ಹಿಂದೆ ಐದು ಗಾಡಿ ಸೇರಿದರೆ, ಪಕ್ಕಕ್ಕೆ ಜಾಗ ಸಿಕ್ಕಲ್ಲಿ ಸರಿದು ದಾರಿ ಬಿಡಬೇಕು ಅಂತ ಕ್ಯಾಲಿಫೋರ್ನಿಯಾದ ಕಾನೂನೇ ಇದೆ.

ಗಾಳಿಯೂ ಒಂದು ಸಮಸ್ಯೆ. ಈ ಗಾಡಿಯ ಪಕ್ಕ ಅಂದರೆ ಒಂದು ಗೋಡೆ. ದೊಡ್ಡ ಲಾರಿ ಹಿಂದಿಕ್ಕುವಾಗ ಮೊದಲು ಆಚೆ ತಳ್ಳಿದಂತೆ, ಆಮೇಲೆ ಈಚೆ ಎಳೆದಂತೆ ಆಗುತ್ತದೆ. ಎರಡೂ ಕೈ ಸ್ಟೀರಿಂಗ್ ಮೇಲಿರಲಿ, ತಿದ್ದುವುದು ಸಣ್ಣದಾಗಿರಲಿ. ವಯೋಮಿಂಗ್‌ನ ಐ-80ರಲ್ಲಿ ಗಾಳಿ ಜೋರಾದ ದಿನ ಎತ್ತರದ ಹಗುರ ಗಾಡಿಗಳಿಗೆ ರಸ್ತೆಯನ್ನೇ ಮುಚ್ಚುತ್ತಾರೆ. ನೀವು ಆ ಭಾಗಕ್ಕೆ ಹೋಗುವುದಿಲ್ಲ, ಆದರೆ ನೆವಾಡದ ಬಯಲಿನಲ್ಲೂ ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ. ಬೆಳಗ್ಗೆ ಬೇಗ ಹೊರಟು ಮೂರು ಗಂಟೆಗೆಲ್ಲ ದಿನದ ಓಟ ಮುಗಿಸಿ. ಒಂಟಿ ಡ್ರೈವರಿಗೆ ದಿನಕ್ಕೆ 300 ಮೈಲಿ ಧಾರಾಳವಾಯಿತು.

ಟೈರುಗಳನ್ನು ಬಗ್ಗಿ ನೋಡಿ. ಪಕ್ಕದಲ್ಲಿ ಕೆತ್ತಿದ ಅಕ್ಷರಗಳ ಕೊನೆಯ ನಾಲ್ಕು ಅಂಕಿ ತಯಾರಾದ ದಿನ ಹೇಳುತ್ತವೆ: 2321 ಅಂದರೆ 2021ರ 23ನೇ ವಾರ. ಆರ್‌ವಿ ಟೈರು ಸವೆದು ಹೋಗುವುದಕ್ಕಿಂತ ನಿಂತು ನಿಂತು ಹಳತಾಗಿ ಬಿರಿಯುವುದೇ ಜಾಸ್ತಿ. ಹಿಂದೆ ಜೋಡಿ ಚಕ್ರ ಇರುತ್ತವೆ, ಒಳಗಿನದನ್ನು ಯಾರೂ ಮುಟ್ಟಿ ನೋಡುವುದಿಲ್ಲ. ನೀವು ನೋಡಿ. ಬೆಳಗ್ಗೆ ಗಾಡಿ ತಣ್ಣಗಿರುವಾಗ ಗಾಳಿ ಅಳೆಯಿರಿ. ಎಷ್ಟಿರಬೇಕು ಅನ್ನುವುದು ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿರುತ್ತದೆ. ಓಡುವಾಗ ಮುಂದಿನ ಟೈರ್ ಸಿಡಿದರೆ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಅದೇ ತಪ್ಪು. ಸ್ಟೀರಿಂಗ್ ಗಟ್ಟಿ ಹಿಡಿದು, ಆಕ್ಸಿಲರೇಟರ್ ಒತ್ತಿಯೇ ನೇರ ಇಟ್ಟುಕೊಳ್ಳಿ. ಗಾಡಿ ಹತೋಟಿಗೆ ಬಂದ ಮೇಲೆ ಕಾಲು ತೆಗೆದು, ತಾನಾಗಿ ನಿಧಾನವಾಗಲು ಬಿಟ್ಟು, ಪಕ್ಕಕ್ಕೆ ಸರಿಸಿ.

ತೂಕವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಎಷ್ಟು ಸಾಮಾನು ಹೇರಬಹುದು ಅಂತ ಗಾಡಿಯೊಳಗೆ ಒಂದು ಚೀಟಿ ಅಂಟಿಸಿರುತ್ತಾರೆ. 40 ಗ್ಯಾಲನ್ ನೀರಿನ ಟ್ಯಾಂಕ್ ತುಂಬಿಸಿದರೆ ಅದೇ 150 ಕಿಲೋ. ಯೆಲ್ಲೋಸ್ಟೋನ್‌ನಲ್ಲಿ ನೀರು ಸಿಗುತ್ತದೆ, ಫ್ರೀಮಾಂಟ್‌ನಿಂದ ಹೊತ್ತುಕೊಂಡು ಹೋಗಬೇಕಿಲ್ಲ. ಅತ್ತೆಯವರ ಒಗ್ಗರಣೆ ಡಬ್ಬಿ, ಕುಕ್ಕರ್ ಎಲ್ಲ ಕೆಳಗಿನ ಕಪಾಟಿಗೆ ಹೋಗಲಿ. ತಲೆ ಮಟ್ಟದಲ್ಲಿಟ್ಟ ಕುಕ್ಕರ್ ಒಂದೇ ಬ್ರೇಕಿಗೆ ಹಾರಿ ಬರುತ್ತದೆ.

ಈಗ ಮಾವನವರ ಬೆನ್ನು. ಗಾಡಿ ಓಡುವಾಗ ಮಂಚದ ಮೇಲೆ ಮಲಗಬಾರದು. ಮೋಟರ್‌ಹೋಮಿನಲ್ಲಿ ಕೂತವರೆಲ್ಲ ಬೆಲ್ಟ್ ಹಾಕಬೇಕು ಅನ್ನುವುದು ಕ್ಯಾಲಿಫೋರ್ನಿಯಾದ ನಿಯಮ. ನಿಯಮ ಪಕ್ಕಕ್ಕಿಡಿ, 60 ಮೈಲಿ ವೇಗದ ಗಾಡಿ ಗಕ್ಕನೆ ನಿಂತರೆ ಮಲಗಿದವರು ಅದೇ ವೇಗದಲ್ಲಿ ಮುಂದೆ ಬರುತ್ತಾರೆ. ಎರಡು ಗಂಟೆಗೊಮ್ಮೆ ನಿಲ್ಲಿಸಿ, ಅರ್ಧ ಗಂಟೆ ಮಲಗಲಿ, ಚಹಾ ಆಗಲಿ, ಹೊರಡಿ. ಆರ್‌ವಿ ತೆಗೆದುಕೊಂಡದ್ದೇ ಅದಕ್ಕೆ, ಅಲ್ವಾ?

ಮಗಳ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು. ಕಾರ್ ಸೀಟನ್ನು ಮುಂದಕ್ಕೆ ಮುಖ ಮಾಡಿದ ಸೀಟಿಗೇ ಕಟ್ಟಬೇಕು. ಪಕ್ಕಕ್ಕೆ ಮುಖ ಮಾಡಿದ ಸೋಫಾಕ್ಕಲ್ಲ, ಹಿಂದಕ್ಕೆ ನೋಡುವ ಊಟದ ಬೆಂಚಿಗೂ ಅಲ್ಲ. ಮುಂದಕ್ಕೆ ನೋಡುವ ಬೆಂಚು ಇದ್ದರೂ ಎಷ್ಟೋ ಗಾಡಿಗಳಲ್ಲಿ ಅದು ಮರದ ಚೌಕಟ್ಟಿನ ಮೇಲೆ ಕೂತಿರುತ್ತದೆ. ಬಾಡಿಗೆಗೆ ಮುಂಚೆ ನಿಮ್ಮ ಕಾರ್ ಸೀಟ್ ತೆಗೆದುಕೊಂಡು ಹೋಗಿ, ಕಟ್ಟಿ, ಎರಡೂ ಕೈಯಲ್ಲಿ ಎಳೆದು ನೋಡಿ. ಅಲ್ಲಾಡಿದರೆ ಬೇಡ. ನಮ್ಮ ಮನೆಯಲ್ಲಿ ಮಕ್ಕಳು ಸಣ್ಣವರಿದ್ದಾಗ ಕಾರನ್ನೂ ಜೊತೆಗೆ ಓಡಿಸಿಕೊಂಡು ಹೋಗುತ್ತಿದ್ದೆವು. ಹೆಂಡತಿ, ಮಕ್ಕಳು ಕಾರಿನಲ್ಲಿ. ನಾನು ಹಿಂದೆ ಆರ್‌ವಿಯಲ್ಲಿ. ಪೆಟ್ರೋಲ್ ಖರ್ಚು ಜಾಸ್ತಿ. ಆದರೆ ಪಾರ್ಕಿನೊಳಗೆ ಸುತ್ತಲು ಕಾರು ಕೈಯಲ್ಲಿರುತ್ತದೆ. ಓಲ್ಡ್ ಫೇತ್‌ಫುಲ್ ಬಿಸಿನೀರಿನ ಬುಗ್ಗೆಯ ಹತ್ತಿರ ಜೂನ್‌ನಲ್ಲಿ 30 ಅಡಿಗೆ ಜಾಗ ಹುಡುಕುವ ಪಾಡು ತಪ್ಪುತ್ತದೆ.

ಭಾವಮೈದ ಓಡಿಸಬಹುದೇ? ಪ್ರವಾಸಕ್ಕೆ ಬಂದ 18 ದಾಟಿದವರು ತಮ್ಮ ದೇಶದ ಚಾಲ್ತಿ ಲೈಸೆನ್ಸಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಓಡಿಸಬಹುದು. ಲೈಸೆನ್ಸ್ ಆ ಬಗೆಯ ವಾಹನಕ್ಕೆ ಹೊಂದಬೇಕು, ಅಷ್ಟೆ. ನಮ್ಮ ಎಲ್‌ಎಂವಿ, ಅಂದರೆ ಲಘು ವಾಹನದ ಲೈಸೆನ್ಸಿನ ಮಿತಿ 7,500 ಕಿಲೋ, ನಿಮ್ಮ ಗಾಡಿ ಸುಮಾರು 6,580. ಲೆಕ್ಕಕ್ಕೆ ಸರಿಹೋಗುತ್ತದೆ. ಆದರೂ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಒಂದು ಇರಲಿ. ಅದು ಬರೀ ಅನುವಾದದ ಪುಸ್ತಕ, ಮೂಲ ಲೈಸೆನ್ಸ್ ಇಲ್ಲದೆ ಅದಕ್ಕೆ ಬೆಲೆ ಇಲ್ಲ. ಕೊಡುವುದು ಊರಿನ ಆರ್‌ಟಿಓ, ಸಾವಿರ ರೂಪಾಯಿ ಫೀಸು. ಇಲ್ಲಿಗೆ ಬಂದ ಮೇಲೆ ಸಿಗುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಬಾಡಿಗೆ ಕರಾರಿನಲ್ಲಿ ಎರಡನೇ ಡ್ರೈವರ್ ಅಂತ ಅವನ ಹೆಸರು ಬರೆಸಿ. ಹೆಸರಿಲ್ಲದವನು ಓಡಿಸುವಾಗ ಏನಾದರೂ ಆದರೆ ವಿಮೆ ಕೈ ಎತ್ತಬಹುದು. ಅಂದಹಾಗೆ, ನಿಮ್ಮ ಕಾರಿನ ವಿಮೆ, ಕ್ರೆಡಿಟ್ ಕಾರ್ಡಿನ ವಿಮೆ ಆರ್‌ವಿಗೆ ನಡೆಯುತ್ತದೆ ಅಂತ ಊಹಿಸಬೇಡಿ, ಕೇಳಿ ನೋಡಿ. ಬಾಡಿಗೆಯವರ ವಿಮೆಯಲ್ಲೂ ಛಾವಣಿಗೆ ಆದ ಪೆಟ್ಟು ಸೇರುತ್ತದೆಯೇ ಅಂತ ಓದಿ.

ಕಾಗದ ಸರಿಯಿದ್ದರೆ ಸಾಲದು, ಕೈಯೂ ಸರಿಯಿರಬೇಕಲ್ಲ. ಊರಿನಲ್ಲಿ ಡ್ರೈವರ್ ಬಲಗಡೆ ಕೂರುತ್ತಾನೆ, ಇಲ್ಲಿ ಎಡಗಡೆ. ನಮ್ಮವರು ಇಲ್ಲಿ ಮೊದಲ ಸಲ ಕೂತಾಗ ಗಾಡಿ ಗೊತ್ತಿಲ್ಲದೇ ಬಲಕ್ಕೆ ವಾಲುತ್ತದೆ. ಕಾರಾದರೆ ಬಿಳಿ ಗೆರೆ ತುಳಿದು ಸರಿಮಾಡಿಕೊಳ್ಳುತ್ತಾರೆ. ಈ ಗಾಡಿ ಎಂಟೂವರೆ ಅಡಿ ಅಗಲ, ಲೇನು 12 ಅಡಿ. ಒಂದೊಂದು ಕಡೆ ಎರಡಡಿಗೂ ಕಮ್ಮಿ, ಅದರಲ್ಲಿ ಕನ್ನಡಿಯೂ ಹೊರಗೆ ಚಾಚಿರುತ್ತದೆ. ಹಾಗಾಗಿ ನನ್ನ ಸಲಹೆ: ಮೊದಲು ವಾರವಿಡೀ ನಿಮ್ಮ ಕಾರು ಓಡಿಸಲಿ, ಆಮೇಲೆ ನೆವಾಡದ ನೇರ ರಸ್ತೆಯಲ್ಲಿ ಗಂಟೆ ಹೊತ್ತು ಆರ್‌ವಿ ಕೊಡಿ. ಊರೊಳಗೆ, ಘಾಟಿಯಲ್ಲಿ ಬೇಡ. ಅವನ ನಿಜವಾದ ಉಪಯೋಗ ರಿವರ್ಸ್ ಹೋಗುವಾಗ. ಹಿಂದೆ ಇಳಿದು ನಿಂತು, ನಿಮ್ಮ ಕನ್ನಡಿಯಲ್ಲಿ ಕಾಣುವ ಹಾಗೆ ಕೈ ತೋರಿಸಲಿ. ಅವನು ಕನ್ನಡಿಯಲ್ಲಿ ಕಾಣದಿದ್ದರೆ ಗಾಡಿ ನಿಲ್ಲಬೇಕು. "ಬರಲಿ ಬರಲಿ" ಅನ್ನುವ ಕೂಗು ಇಂಜಿನ್ ಸದ್ದಿನಲ್ಲಿ ಕೇಳುವುದಿಲ್ಲ.

ಕೊನೆಗೆ ಗೆಳೆಯರ 42 ಅಡಿ. ಅದಕ್ಕೆ ನಿಮ್ಮ ಲೈಸೆನ್ಸ್ ನಡೆಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 40 ದಾಟಿ 45 ಅಡಿವರೆಗಿನ ಮೋಟರ್‌ಹೋಮಿಗೆ ಕಮರ್ಷಿಯಲ್ ಅಲ್ಲದ ಕ್ಲಾಸ್ ಬಿ ಬೇಕು. ಇಲ್ಲಿನ ಆರ್‌ಟಿಓ ಅನ್ನಬಹುದಾದ ಡಿಎಂವಿಯಲ್ಲಿ ಬರೆಯುವ ಪರೀಕ್ಷೆ, ಕಣ್ಣು ಪರೀಕ್ಷೆ, ಆರೋಗ್ಯದ ಪ್ರಶ್ನಾವಳಿ, ಅಂಥದ್ದೇ ಗಾಡಿಯಲ್ಲಿ ಓಡಿಸಿ ತೋರಿಸುವ ಪರೀಕ್ಷೆ. ಆರೋಗ್ಯದ ಕಾಗದ ಎರಡು ವರ್ಷಕ್ಕೊಮ್ಮೆ ಮತ್ತೆ ಕೊಡಬೇಕು. ಇಷ್ಟಾದರೂ 40 ಅಡಿ ಮೀರಿದ ಗಾಡಿಗೆ ರಾಜ್ಯದ ಎಲ್ಲ ರಸ್ತೆಯೂ ತೆರೆದಿಲ್ಲ. ಯಾವ ಹೆದ್ದಾರಿಗೆ ಬಿಡುತ್ತಾರೆ ಅನ್ನುವ ನಕ್ಷೆ ರಾಜ್ಯದ ರಸ್ತೆಗಳನ್ನು ನೋಡಿಕೊಳ್ಳುವ ಕ್ಯಾಲ್‌ಟ್ರಾನ್ಸ್ ಇಲಾಖೆಯಲ್ಲಿದೆ. ಹಿಂದೆ ಕಾರನ್ನು ಎಳೆದುಕೊಂಡು ಹೋದರೆ ವೇಗದ ಮಿತಿಯೂ 55ಕ್ಕೆ ಇಳಿಯುತ್ತದೆ. ಬೆಲೆ ಅಗ್ಗ ಅಂತ ಕೈ ಹಾಕುವ ಮುಂಚೆ ಆ ನಕ್ಷೆಯಲ್ಲಿ ನಿಮ್ಮ ಮನೆಯ ಹತ್ತಿರದ ರಸ್ತೆ ಇದೆಯೇ ನೋಡಿ. ಇನ್ನೂ ಮನಸ್ಸಿದ್ದರೆ ಯೆಲ್ಲೋಸ್ಟೋನ್‌ನಿಂದ ವಾಪಸ್ ಬಂದ ವಾರ ಮತ್ತೆ ಬರೆಯಿರಿ. ಗ್ಯಾಸ್ ಸ್ಟೇಷನ್ನಿನ ಹಳದಿ ಕಂಬದ ಬಗ್ಗೆಯೂ ಎರಡು ಸಾಲು ಸೇರಿಸಿ.